ಎದುರಿಗೆ ಕೂತವರಿಗೆ ಬರೆದು ಹೇಳಿದ ವಾರ

ಭೋಸರಿ, ಹೊರಡುವ ಮೊದಲು

ಮುಖಾಮುಖಿ ಕೂತು ಮಾತಾಡಿದರೆ ಆಗದ ಕೆಲಸವೇ ಇಲ್ಲ ಅಂತ ನಂಬಿದ ಮನೆತನ ನಮ್ಮದು. ಬೆಳಗಾವಿಯಲ್ಲಿ ಗ್ಯಾಸ್ ಸಿಲಿಂಡರ್ ತಡವಾದರೆ ನಮ್ಮಪ್ಪ ಫೋನ್ ಮುಟ್ಟುತ್ತಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಏಜೆನ್ಸಿಯವರ ಮನೆಗೇ ಹೋಗಿ, ಚಹಾ ಕುಡಿದು, ಅವರ ಮಗಳ ಪರೀಕ್ಷೆ, ಅವರ ತಾಯಿಯ ಮೊಣಕಾಲು ಎಲ್ಲ ವಿಚಾರಿಸಿ, ಏಳುವಾಗ ಬಾಗಿಲ ಹತ್ತಿರ ನಿಂತು "ಅಂದಂಗ ಆ ಸಿಲಿಂಡರ್..." ಅನ್ನುತ್ತಿದ್ದರು. ಸಿಲಿಂಡರ್ ಅವರಿಗಿಂತ ಮೊದಲೇ ಮನೆ ಮುಟ್ಟಿರುತ್ತಿತ್ತು. ಅದೇ ವಿದ್ಯೆ ನಂಬಿಕೊಂಡು ನಾನು ಡೆನ್ಮಾರ್ಕಿಗೆ ಹೋದೆ. ಕೈಯಲ್ಲಿ ಎರಡು ಡಬ್ಬಿ ಗೋಕಾಕದ ಕರದಂಟು.

ಯಾಕೆ ಹೋದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಂಪನಿ ಹಾಲು ತಣ್ಣಗಿಡುವ ಟಾಕಿ, ಅಂದರೆ ಟ್ಯಾಂಕು, ಮಾಡುತ್ತದೆ. ಟಾಕಿಯನ್ನು ನಡೆಸುವ ಸಾಫ್ಟ್‌ವೇರ್ ಮುಖ್ಯವಾಗಿ ಡೆನ್ಮಾರ್ಕಿನ ದೊಡ್ಡ ಕಚೇರಿಯಲ್ಲಿ, ಸ್ವಲ್ಪ ಪುಣೆ ಹತ್ತಿರದ ಭೋಸರಿಯ ನಮ್ಮ ಆಫೀಸಿನಲ್ಲಿ ತಯಾರಾಗುತ್ತದೆ. ಬಾರಾಮತಿ ಹತ್ತಿರದ ಒಂದು ಹಳ್ಳಿಯ ಹಾಲಿನ ಕೇಂದ್ರದಲ್ಲಿ ಅಂಥದೊಂದು ಟಾಕಿ ಇದೆ. ಅದನ್ನು ನೋಡಿಕೊಳ್ಳುವವರು ಮಂದಾಕಿನಿಬಾಯಿ. ಕರೆಂಟ್ ಹೋಗಿ ಬಂದರೆ ಈ ಟಾಕಿ ತಾನಾಗಿ ಶುರುವಾಗುವುದಿಲ್ಲ. ಯಾರಾದರೂ ಬಂದು ಹಸಿರು ಗುಂಡಿ ಒತ್ತುವವರೆಗೂ ಸುಮ್ಮನೆ ನಿಂತಿರುತ್ತದೆ. ಬೇಸಿಗೆಯಲ್ಲಿ ಆ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೋ ಎಣಿಸಿದವರಿಲ್ಲ. ಒಮ್ಮೆ ಮಂದಾಕಿನಿಬಾಯಿ ಊಟಕ್ಕೆ ಮನೆಗೆ ಹೋದಾಗ ಕರೆಂಟ್ ಹೋಗಿ ಬಂತು, ಗುಂಡಿ ಒತ್ತುವವರಿಲ್ಲದೆ ಟಾಕಿಯ ಹಾಲೆಲ್ಲ ಕೆಟ್ಟು ಮೋರಿ ಸೇರಿತು. ಅಂದಿನಿಂದ ಬೇಸಿಗೆಯಿಡೀ ಆಕೆಯ ಊಟ ಟಾಕಿಯ ಪಕ್ಕ, ನಿಂತುಕೊಂಡು, ಒಂದು ಕೈಯಲ್ಲಿ ಜೋಳದ ಭಾಕ್ರಿ, ಕಣ್ಣು ಗುಂಡಿಯ ಮೇಲೆ. ಅಷ್ಟಾದರೂ ಒಮ್ಮೊಮ್ಮೆ ಎಡವಟ್ಟಾಗುತ್ತಿತ್ತು. ಆಗ ನೇರ ನನಗೇ ಫೋನ್: "ಮ್ಯಾಡಮ್, ದೂಧ ನಾಸಲಂ!" ಹಾಲು ಕೆಟ್ಟಿತು ಅನ್ನುವ ಆ ಮರಾಠಿ ಮಾತು ಕೇಳಿದ ದಿನ ನಾನೂ ಊಟದ ಡಬ್ಬಿ ತೆಗೆಯುತ್ತಿರಲಿಲ್ಲ.

ಇಷ್ಟು ವರ್ಷ ಡೆನ್ಮಾರ್ಕಿನ ಕೋಡ್ ಬೀಗದೊಳಗಿತ್ತು. ನಮಗೆ ಏನಾದರೂ ಬದಲಾಗಬೇಕಿದ್ದರೆ ಒಬ್ಬ ಮ್ಯಾನೇಜರ್‌ಗೆ ಹೇಳಬೇಕು, ಅವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಮಾತು ಎಲ್ಲೋ ನಡುವೆ ನಿದ್ದೆ ಹೋಗುತ್ತಿತ್ತು. ಕೊನೆಗೆ ಕಂಪನಿಗೆ ಬುದ್ಧಿ ಬಂತು. ಹೊರಗಿನ ಜಗತ್ತಿನಲ್ಲಿ ಓಪನ್ ಸೋರ್ಸ್ ಅಂತ ಒಂದು ಪದ್ಧತಿ ಇದೆಯಲ್ಲ. ಕೋಡ್ ಎಲ್ಲರಿಗೂ ಕಾಣುತ್ತದೆ, ಗುರುತು ಪರಿಚಯ ಇಲ್ಲದವರೂ ತಿದ್ದಿ "ಇದನ್ನ ಸೇರಿಸಿಕೊಳ್ರಿ" ಅಂತ ಕಳಿಸಬಹುದು, ನೋಡಿಕೊಳ್ಳುವವರು ಒಪ್ಪಿದರೆ ಸೇರುತ್ತದೆ, ಚರ್ಚೆಯೆಲ್ಲ ಬಯಲಲ್ಲಿ. ಅದನ್ನೇ ನಮ್ಮ ಕಂಪನಿಯ ಒಳಗೆ ಮಾಡೋಣ ಅಂದರು. ಬೀದಿ ಬಾಗಿಲು ಹಾಕಿಯೇ ಇರುತ್ತದೆ, ಒಳಗಿನ ಕೋಣೆಗಳ ಬಾಗಿಲು ಮಾತ್ರ ತೆಗೆದಿಟ್ಟರು.

ನಾನು ಕುಣಿದಾಡಿಬಿಟ್ಟೆ. ಅವತ್ತೇ ಕೂತು ಒಂದು ತಿದ್ದುಪಡಿ ಬರೆದು ಕಳಿಸಿದೆ. ಕರೆಂಟ್ ಸ್ವಲ್ಪ ಹೊತ್ತು ಹೋಗಿ ಬಂದಿದ್ದರೆ, ಹಾಲು ಇನ್ನೂ ಕೆಡದೆ ತಣ್ಣಗಿದ್ದರೆ, ಟಾಕಿ ಯಾರನ್ನೂ ಕಾಯದೆ ತಾನೇ ಶುರುವಾಗಲಿ. ಇಷ್ಟೇ. ಆ ಭಾಗದ ಕೋಡ್ ನೋಡಿಕೊಳ್ಳುವ ಹೆನ್ರಿಕ್ ಅನ್ನುವವರಿಂದ ಒಂದೇ ಸಾಲಿನ ಉತ್ತರ ಬಂತು: "ಕರೆಂಟ್ ಅಷ್ಟು ಸಲ ಯಾಕೆ ಹೋಗುತ್ತದೆ?" ತಿದ್ದುಪಡಿ ಪಕ್ಕಕ್ಕೆ ಸರಿಯಿತು.

ಇದನ್ನು ಓದಿ ಹೇಳಿದಾಗ ನಮ್ಮ ಆಫೀಸಿನ ಮುಖ್ಯಸ್ಥರಾದ ಕುಲಕರ್ಣಿಯವರಿಗೆ ನಕ್ಕು ನಕ್ಕು ಚಹಾ ನೆತ್ತಿಗೇರಿತು. ಹುಬ್ಬಳ್ಳಿ ಬಿಟ್ಟು ಯಾವ ಕಾಲವಾದರೂ ಅವರ ನಗು ಇನ್ನೂ ಅಲ್ಲಿಯದೇ.

"ಶೈಲಾ, ನೀವ ಹೋಗ್ರಿ. ಎದುರಿಗೆ ಕೂತು ಹೇಳ್ರಿ. ಮುಂದಿನ ತಿಂಗಳ ಮೊದಲ ಶುಕ್ರವಾರ ಹೊಸಾ ಆವೃತ್ತಿ ಮುಚ್ಚತಾರ. ಅದರಾಗ ಇದು ಸೇರಲಿಲ್ಲಂದ್ರ ಈ ಬ್ಯಾಸಗಿನೂ ಹೋತು, ಆ ಮಂದಾಕಿನಿಬಾಯಿ ನಿಂತ ಉಣ್ಣೋದು ತಪ್ಪಂಗಿಲ್ಲ."

ಸೋಮವಾರ, ಗಾಳಿಯ ಊರು

ಡೆನ್ಮಾರ್ಕಿನ ಪಶ್ಚಿಮ ದಂಡೆಯ ಆ ಸಣ್ಣ ಊರಿನಲ್ಲಿ ಮನುಷ್ಯರಿಗಿಂತ ಗಾಳಿ ಹೆಚ್ಚು. ಹೋಟೆಲಿನಿಂದ ಹೊರಬಿದ್ದ ಕೂಡಲೇ ನನ್ನ ಓಢಣಿ ಹಾರಿಹೋಗಿ ಒಬ್ಬ ಸೈಕಲ್ ಸವಾರನ ಮುಖಕ್ಕೆ ಸುತ್ತಿಕೊಂಡಿತು. ನಾನು ಕಿಟಾರನೆ ಕಿರುಚಿದೆ. ಆತ ಬ್ರೇಕ್ ಹಾಕಿ, ಇಳಿದು, ಓಢಣಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು "ಗಾಳಿ ಇದೆ" ಅಂದು ಹೊರಟುಹೋದ. ನಮ್ಮ ಪುಣೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮಂದಿ ನೆರೆದು, ಇಬ್ಬರ ವಂಶಾವಳಿಯೂ ಹೊರಗೆ ಬಿದ್ದಿರುತ್ತಿತ್ತು.

ಮುಂದೆ ಒಂದು ಕಾಫಿ ಅಂಗಡಿಯ ಹೊರಗೆ, ಆ ಕೊರೆಯುವ ಗಾಳಿಯಲ್ಲಿ, ತಳ್ಳುಗಾಡಿಯೊಳಗೆ ಒಂದು ಕೂಸು ಮಲಗಿತ್ತು. ಹತ್ತಿರ ಯಾರೂ ಇಲ್ಲ! ಅಯ್ಯ ದೇವರೇ, ಯಾರೋ ಮರೆತು ಹೋಗಿದ್ದಾರೆ! ಎತ್ತಿಕೊಳ್ಳಲೋ ಬೇಡವೋ ತಿಳಿಯದೆ ನಾನು ಕಾವಲು ನಿಂತೆ. ಗಾಡಿಯ ಸುತ್ತ ಎರಡು ಸುತ್ತು ಹಾಕಿದೆ, ಹೊದಿಕೆ ಸರಿಮಾಡಿದೆ, ಒಂದು ನಾಯಿಗೆ ಹಚಾ ಅಂದೆ. ಕೊನೆಗೆ ಅಂಗಡಿಯೊಳಗಿನಿಂದ ಒಬ್ಬ ಹೆಂಗಸು ಎರಡು ಲೋಟ ಕಾಫಿ ಹಿಡಿದು ಬಂದಳು. ಒಂದನ್ನು ನನಗೆ ಕೊಟ್ಟಳು.

"ಅದು ನನ್ನ ಮಗು. ಇಲ್ಲಿ ಹೀಗೇ ಮಲಗಿಸುತ್ತೇವೆ. ನೀವು ಚಳಿಯಲ್ಲಿ ನಿಂತಿರುವುದು ನೋಡಲಾಗಲಿಲ್ಲ."

ಕೂಸನ್ನೇ ಬಯಲಲ್ಲಿ ಬಿಟ್ಟು ಒಳಗೆ ಕೂತು ಕೇಕ್ ತಿನ್ನುವ ಮಂದಿ ಇವರು. ಇವರಿಗೆ ಕೋಡಿನ ಬಾಗಿಲು ತೆಗೆದಿಡಲು ಇಷ್ಟು ವರ್ಷ ಯಾಕೆ ಬೇಕಾಯಿತೋ.

ಆಫೀಸಿನಲ್ಲಿ ಹೆನ್ರಿಕ್ ಸಿಕ್ಕರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ, ಬಿಳಿ ಗಡ್ಡ, ಮೊಣಕೈ ಹತ್ತಿರ ತೂತು ಬಿದ್ದ ಸ್ವೆಟರ್. ನನಗೆ ಕೊಟ್ಟಿದ್ದ ಜಾಗ ಸರಿಯಾಗಿ ಅವರ ಎದುರಿಗೇ. ನಾನು ಅಪ್ಪನ ವಿದ್ಯೆ ಬಿಚ್ಚಿದೆ.

"ಮನೆಯಲ್ಲಿ ಎಲ್ಲ ಆರಾಮವೇ?"

"ಹೌದು."

"ಮಕ್ಕಳು?"

"ಇಬ್ಬರು."

ಸರಿ ಅಂತ ಕರದಂಟಿನ ಡಬ್ಬಿಗಳನ್ನು ಮುಂದಿಟ್ಟೆ.

"ಇದು ನನಗೋ, ಎಲ್ಲರಿಗೋ?" ಅಂದರು.

"ನಿಮಗೇ ರೀ! ನಿಮ್ಮ ಸಲುವಾಗಿಯೇ ತಂದದ್ದು!"

ಅವರ ಕಿವಿ ಕೆಂಪಾಯಿತು. "ನಿಮ್ಮ ತಿದ್ದುಪಡಿ ನನ್ನ ಮುಂದಿದೆ. ಅದು ಇತ್ಯರ್ಥ ಆಗುವವರೆಗೆ ನಾನು ಇದನ್ನು ಮುಟ್ಟಿದರೆ ಚೆನ್ನಾಗಿ ಕಾಣುವುದಿಲ್ಲ" ಅಂದು ಡಬ್ಬಿಗಳನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ತಿದ್ದುಪಡಿಯ ಮಾತು ಅವರೇ ಎತ್ತಿದರಲ್ಲ, ಇದೇ ಸಮಯ ಅಂತ "ಅಂದಹಾಗೆ ಅದರ ವಿಷಯ..." ಎಂದು ಶುರುಮಾಡಿದೆ. ಅವರು ಕೈ ಎತ್ತಿದರು.

"ಬರೆಯಿರಿ."

"ನಾನು ಇಲ್ಲೇ ಇದ್ದೇನಲ್ಲ! ಏಳು ಸಮುದ್ರ ದಾಟಿ ಬಂದಿದ್ದೇನೆ!"

"ನನಗೆ ಹೇಳಿದರೆ ನನಗೊಬ್ಬನಿಗೆ ಗೊತ್ತಾಗುತ್ತದೆ. ಅಲ್ಲಿ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ. ನಾಳೆ ನಾನು ಸೈಕಲ್‌ನಿಂದ ಬಿದ್ದು ಹೋದರೂ, ಒಪ್ಪಿದ್ದು ಯಾಕೆ, ಬಿಟ್ಟದ್ದು ಯಾಕೆ ಅನ್ನುವುದು ಉಳಿಯುತ್ತದೆ. ನಮ್ಮ ಹೊಸ ಪದ್ಧತಿ ಅದೇ ಅಲ್ಲವೇ?"

ಅಷ್ಟು ಹೇಳಿ ಪರದೆಯ ಕಡೆ ತಿರುಗಿದರು.

ಮಂಗಳವಾರ, ಎದುರುಬದುರು

ಬರೆದೆ. "ಮಾನ್ಯ ಹೆನ್ರಿಕ್ ಸರ್, ತಮ್ಮ ಅಮೂಲ್ಯ ಸಮಯಕ್ಕೆ ಕ್ಷಮೆ ಕೋರುತ್ತ, ತಾವು ದೊಡ್ಡ ಮನಸ್ಸು ಮಾಡಿ..." ಅಂತ ಶುರುಮಾಡಿ ಒಂದು ಪುಟ. ವಿಷಯ ಬರುವಷ್ಟರಲ್ಲಿ ನನಗೇ ಸುಸ್ತಾಗಿತ್ತು. ಎದುರಿಗೆ ಅವರ ಬೆರಳು ಟಕಟಕ ಆಡುವುದು ಕಾಣಿಸಿತು. ನನ್ನ ಪರದೆಯಲ್ಲಿ ಮೂಡಿತು: "ಸಮಸ್ಯೆ ಏನು?"

ನಾನು ತಲೆ ಎತ್ತಿ ನೋಡಿದೆ. ಅವರು ನೋಡಲಿಲ್ಲ. ಕೈ ಚಾಚಿದರೆ ಅವರ ಕಾಫಿ ಲೋಟ ಸಿಗುತ್ತಿತ್ತು! ನಾನು ಮತ್ತೆ ಬರೆದೆ, ಅವರು ಮತ್ತೆ ಬರೆದರು. ಪಕ್ಕದಲ್ಲಿ ಕೂರುವ ಮೆಟೆ ಎಂಬ ಹುಡುಗಿ ಅದನ್ನು ಓದಿ, ಮೆಚ್ಚಿದೆ ಅನ್ನುವ ಹೆಬ್ಬೆರಳಿನ ಚಿತ್ರ ಹಾಕಿದಳು. ಅವಳೂ ಮಾತಾಡಲಿಲ್ಲ. ನಗು ಬಂದು ನನಗೆ ಪಕ್ಕೆ ನೋಯತೊಡಗಿತು, ನಗುವುದಕ್ಕೂ ಹೆದರಿಕೆ. ಅಷ್ಟು ಸದ್ದಿಲ್ಲದ ಆಫೀಸು ಅದು.

ಮಧ್ಯಾಹ್ನ ಮೀಟಿಂಗ್ ಕೋಣೆಗೆ ಹೋದರೆ, ಆಹಾ, ಮೇಜಿನ ಮೇಲೆ ಸಾಲಾಗಿ ಮೇಣದಬತ್ತಿ ಉರಿಯುತ್ತಿದ್ದವು! ನನ್ನ ಜೀವ ಕುಣಿಯಿತು. ನಾನು ಇಲ್ಲಿರುವಾಗಲೇ, ಇದೇ ವಾರದಲ್ಲೇ, ಡೆನ್ಮಾರ್ಕಿನಲ್ಲಿ ಕರೆಂಟ್ ಹೋಗಿದೆ!

"ಕರೆಂಟ್ ಹೋಯಿತಾ?" ಅಂತ ಕೂಗಿಯೇಬಿಟ್ಟೆ.

ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ತಲೆಯ ಮೇಲೆ ಉರಿಯುತ್ತಿದ್ದ ದೀಪಗಳನ್ನು ನೋಡಿದರು. "ಇಲ್ಲ. ಚಳಿಗೆ ಚೆಂದ ಅನ್ನಿಸುತ್ತದೆ ಅಂತ ಹಚ್ಚುತ್ತೇವೆ" ಅಂದಳು ಮೆಟೆ. ಕರೆಂಟ್ ಇದ್ದಾಗ ಮೇಣದಬತ್ತಿ ಹಚ್ಚುವ ಮಂದಿಗೆ, ಕರೆಂಟ್ ಹೋದಾಗ ಬಾರಾಮತಿಯಲ್ಲಿ ಏನಾಗುತ್ತದೆ ಅಂತ ಹೇಗೆ ತಿಳಿಸುವುದು ತಾಯಿ!

ಸಂಜೆ ಕುಲಕರ್ಣಿಯವರಿಗೆ ಫೋನ್ ಹಚ್ಚಿದೆ.

"ಇವ್ರು ಬಾಯಿನ ತೆಗೀವಲ್ರು ಸರ್. ಬರೀ ಬರೀ ಅಂತಾರ."

"ಇಷ್ಟಕ್ಕ ಹೆದರತೀರಿ? ತಡೀರಿ. ಅಲ್ಲಿ ಎಲ್ಲಾರ ಮ್ಯಾಲ ಬಿರ್ಗಿಟ್ ಅಂತ ಬಾಸ್ ಇದ್ದಾರ. ನನಗ ಭಾಳ ಚಲೋ ಪರಿಚಯ. ಪುಣೆಕ್ಕ ಬಂದಾಗ ಮಿಸಳ ತಿನ್ನಿಸೀನಿ. ಒಂದ ಮಾತು ಹಾಕತೀನಿ, ಸುಮ್ನ ಹೆನ್ರಿಕ್ ಕಿವಿಗೆ ಹಾಕಲಿ. ಯಾರಿಗೂ ಗೊತ್ತಾಗಂಗಿಲ್ಲ."

ವಶೀಲಿ! ಎಷ್ಟು ನೆಮ್ಮದಿಯ ಶಬ್ದ. ಆ ದಿನ ಗಡದ್ದಾಗಿ ಊಟ ಮಾಡಿದೆ.

ಬುಧವಾರ, ವಶೀಲಿ ಬಯಲಾದದ್ದು

ಬೆಳಿಗ್ಗೆ ಕಂಪ್ಯೂಟರ್ ತೆಗೆದರೆ, ನನ್ನ ತಿದ್ದುಪಡಿಯ ಕೆಳಗೆ, ಎಲ್ಲ ದೇಶದ ಎಲ್ಲ ಆಫೀಸಿನವರೂ ಓದುವಂತೆ, ಬಿರ್ಗಿಟ್ ಬರೆದಿದ್ದರು: "ಈ ತಿದ್ದುಪಡಿ ಒಪ್ಪಿಕೊಳ್ಳಲು ಹೆನ್ರಿಕ್‌ಗೆ ಹೇಳಿ ಎಂದು ಪುಣೆಯಿಂದ ನನಗೆ ಫೋನ್ ಬಂದಿತ್ತು. ನಿರ್ಧಾರ ಹೆನ್ರಿಕ್‌ದು, ನಾನು ಹೇಳುವಂತಿಲ್ಲ. ಆದರೆ ಇದು ಇಷ್ಟು ಮುಖ್ಯ ಯಾಕೆ ಎಂದು ತಿಳಿಯಲು ನನಗೂ ಆಸೆ ಇದೆ."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಓಡಿಹೋಗಿ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಕುಲಕರ್ಣಿಯವರಿಗೆ ಫೋನ್ ಹಚ್ಚಿದೆ.

"ಸರ್, ಮಾನ ಹೋತ್ರಿ! ಆಕಿ ಎಲ್ಲಾ ಬರದ ಹಾಕ್ಯಾಳ!"

"ಬಯಲಾಗ?" ಕುಲಕರ್ಣಿಯವರ ದನಿ ಇಳಿದುಹೋಯಿತು. "ಫೋನ್ ಬಂದಿತ್ತು ಅಂತ? ಅಯ್ಯಯ್ಯ! ಎರಡ ಪ್ಲೇಟ್ ಮಿಸಳ ತಿಂದಿದ್ಲರಿ ಆಕಿ!"

ಹೊರಗೆ ಬಂದೆ. ಎಲ್ಲರೂ ಕೆಕ್ಕರಿಸಿ ನೋಡುತ್ತಾರೆ ಅಂತ ನಿರೀಕ್ಷೆ. ಯಾರೂ ನೋಡಲಿಲ್ಲ. ಹೆನ್ರಿಕ್ ಎಂದಿನಂತೆ ಕಾಫಿ ಕುಡಿಯುತ್ತಿದ್ದರು. ಮೆಟೆ ಮಾತ್ರ "ಯಾಕೆ ಮುಖ್ಯ ಅಂತ ನನಗೂ ಕುತೂಹಲ" ಅಂದು ಹೋದಳು. ಅಂದರೆ ಇವರಿಗೆ ಸಿಟ್ಟಿಲ್ಲ, ನಾಚಿಕೆಯೂ ಇಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿದೆ ಅಷ್ಟೇ! ಒಮ್ಮೆಲೇ ನನ್ನ ಮೈ ಹಗುರಾಯಿತು. ಮಾನ ಹೋಗಿಯೇ ಹೋಗಿದೆ, ಇನ್ನು ಬಚ್ಚಿಡುವುದೇನು?

ಕೂತೆ. ಮಾನ್ಯ ಇಲ್ಲ, ಸರ್ ಇಲ್ಲ, ಕ್ಷಮೆ ಇಲ್ಲ. ನಮ್ಮಕ್ಕನಿಗೆ ಫೋನಿನಲ್ಲಿ ಹೇಳಿದ ಹಾಗೆ ಬರೆದೆ. ಬಾರಾಮತಿಯ ಬಿಸಿಲು ಹೇಗಿರುತ್ತದೆ. ಮೋರಿಯಲ್ಲಿ ಹಾಲು ಹರಿಯುವಾಗ ಊರ ಮಂದಿ ಹೇಗೆ ನಿಂತು ನೋಡುತ್ತಾರೆ. ಮಂದಾಕಿನಿಬಾಯಿ ಒಂದು ಕೈಯಲ್ಲಿ ಭಾಕ್ರಿ ಹಿಡಿದು, ಇನ್ನೊಂದು ಕೈ ಗುಂಡಿಯ ಹತ್ತಿರ ಇಟ್ಟು ಹೇಗೆ ಉಣ್ಣುತ್ತಾರೆ. "ಆಕೆ ಬೇಸಿಗೆಯಲ್ಲಿ ಕೂತು ಉಣ್ಣಬೇಕು. ಅದಕ್ಕೇ ಮುಖ್ಯ" ಅಂತ ಮುಗಿಸಿ ಕಳಿಸಿಬಿಟ್ಟೆ. ಕಣ್ಣು ಒದ್ದೆಯಾಗಿತ್ತು, ಯಾರಿಗೂ ಕಾಣದಂತೆ ಒರೆಸಿಕೊಂಡೆ.

ಸ್ವಲ್ಪ ಹೊತ್ತಿಗೆ ಕೀನ್ಯಾದ ನಮ್ಮ ಆಫೀಸಿನಿಂದ, ನಾನು ಹೆಸರೇ ಕೇಳಿರದ ವಾಂಜಿಕು ಎಂಬಾಕೆ ಬರೆದಳು: "ನಮ್ಮಲ್ಲೂ ಇದೇ ಗೋಳು. ಕೆಲವು ಕಡೆ ಗುಂಡಿ ಒತ್ತಿಯೇ ಇರಲಿ ಅಂತ ಕಲ್ಲಿಟ್ಟು ಹಗ್ಗ ಕಟ್ಟಿದ್ದಾರೆ."

"ಕಲ್ಲಾ?!"

ಹೆನ್ರಿಕ್ ಎದ್ದು ನಿಂತಿದ್ದರು. ಬಾಯಿಂದ ಕೂಗಿದ್ದರು! ಇಡೀ ಆಫೀಸು ತಿರುಗಿ ನೋಡಿತು.

"ನನ್ನ ಸುರಕ್ಷತೆಯ ಗುಂಡಿಗೆ ಕಲ್ಲು ಕಟ್ಟಿದ್ದಾರಾ?"

"ಬರೀರಿ" ಅಂದೆ. ನನಗೆ ತಡೆಯಲಾಗಲಿಲ್ಲ.

ಅವರು ಕೂತರು. ಬರೆದರು. ಅವರ ಭಯ ಏನೆಂದು ನನಗೆ ತಿಳಿದದ್ದು ಆಗಲೇ. ನಿಂತ ಕಂಪ್ರೆಸರ್ ಉಸಿರು ತೆಗೆದುಕೊಳ್ಳುವ ಮೊದಲೇ ಮತ್ತೆ ಶುರುವಾದರೆ ಸುಟ್ಟುಹೋಗುತ್ತದೆ. ಹಾಗಾಗಬಾರದು ಅಂತಲೇ ಅವರು ಒಬ್ಬ ಮನುಷ್ಯನನ್ನು ನಡುವೆ ನಿಲ್ಲಿಸಿದ್ದರು. ನನ್ನ ತಿದ್ದುಪಡಿಯಲ್ಲಿ ಕಂಪ್ರೆಸರ್‌ಗೆ ಬಿಡುವು ಕೊಡುವ ಮಾತೇ ಇರಲಿಲ್ಲ! "ಮನುಷ್ಯನನ್ನು ನಿಲ್ಲಿಸಿ ಸುರಕ್ಷಿತ ಮಾಡಿದೆ ಅಂದುಕೊಂಡಿದ್ದೆ. ಆ ಮನುಷ್ಯ ಕಲ್ಲಾದರೆ ನನ್ನ ಗುಂಡಿಯೇ ಅಪಾಯ. ಬಿಡುವು ಸೇರಿಸಿ, ಕೋಡನ್ನು ಒರೆಗೆ ಹಚ್ಚುವ ಪರೀಕ್ಷೆಗಳನ್ನೂ ಬರೆಯಿರಿ, ನೋಡೋಣ" ಅಂತ ಎಲ್ಲರೆದುರು ಬರೆದರು.

ಗುರುವಾರ, ಕೆಂಪು ದೀಪ

ಕಂಪ್ರೆಸರ್‌ಗೆ ಬಿಡುವು ಕೊಡುವ ಭಾಗವನ್ನು ನಾನು ಬರೆದೆ, ವಾಂಜಿಕು ಕೀನ್ಯಾದಿಂದ ತಿದ್ದಿದಳು, ಭೋಸರಿಯ ನಮ್ಮ ಹುಡುಗರು ಪರೀಕ್ಷೆ ಕಟ್ಟಿದರು. ಮೂರು ದೇಶದಲ್ಲಿ ಒಲೆ ಹಚ್ಚಿ ಒಂದೇ ಅಡುಗೆ ಮಾಡಿದಂತೆ! ಊಟಕ್ಕೆ ಏಳುವ ಮೊದಲು ಹುರುಪಿನಿಂದ ಕಳಿಸಿದೆ. ಗೋಡೆಯ ಮೇಲಿದ್ದ ದೊಡ್ಡ ದೀಪ ಕೆಂಪಾಗಿ ಮಿನುಗತೊಡಗಿತು. ಎಲ್ಲರೂ ಹೋ ಅಂದರು.

ಯಾರ ಕೋಡ್ ಪರೀಕ್ಷೆಯಲ್ಲಿ ಬಿದ್ದರೂ ಆ ದೀಪ ಕೆಂಪಾಗುತ್ತದೆಯಂತೆ. ನೋಡಿದರೆ, ಹಾಲು ತಣ್ಣಗಿದ್ದರೆ ಶುರುವಾಗು ಅನ್ನುವ ಕಡೆ ನಾನು ಬಿಸಿಯಾಗಿದ್ದರೆ ಶುರುವಾಗು ಅಂತ ಬರೆದಿದ್ದೆ. ಹಿಂದುಮುಂದು! ಮೆಟೆ ನನ್ನ ಭುಜ ತಟ್ಟಿದಳು.

"ಇಲ್ಲಿಯ ಕಾನೂನು ಗೊತ್ತೇ? ದೀಪ ಕೆಂಪು ಮಾಡಿದವರು ಎಲ್ಲರಿಗೂ ಸಿಹಿ ತಿನ್ನಿಸಬೇಕು."

ಕರದಂಟು ಡಬ್ಬಿಯಿಂದ ಎದ್ದು ನಡುಮೇಜಿಗೆ ಬಂತು. ಮೊದಲೇ ಮಾತಿಲ್ಲದ ಮಂದಿ, ಈಗ ಅಂಟು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ದವಡೆ ಆಡಿಸುತ್ತ ಕಿಟಕಿಯಾಚೆ ನೋಡತೊಡಗಿದರು. ಹೆನ್ರಿಕ್ ದೂರದಿಂದ ನೋಡುತ್ತಿದ್ದರು.

"ಇದು ಈಗ ಎಲ್ಲರದ್ದು ತಾನೇ?" ಅಂತ ಕೇಳಿದರು.

"ಎಲ್ಲರದ್ದು."

ಒಂದು ತುಂಡು ತೆಗೆದುಕೊಂಡರು. ಅಗಿದರು. ಮತ್ತೊಂದು ತೆಗೆದುಕೊಂಡು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಮೂರನೆಯದನ್ನು ಕಾಗದದಲ್ಲಿ ಸುತ್ತಿ ಸ್ವೆಟರಿನ ಕಿಸೆಗೆ ಹಾಕಿದರು. ನಾನು ಅದನ್ನು ಎಲ್ಲಿಯೂ ಬರೆದು ಹಾಕಲಿಲ್ಲ.

ಶುಕ್ರವಾರ, ಹಸಿರು

ಶುಕ್ರವಾರ ಬೆಳಿಗ್ಗೆ ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ಬ್ರೆಡ್ ತಿನ್ನುವ ಪದ್ಧತಿ. ನಾನು ಒಂದೇ ತುಂಡಿಗೆ ಮೂರು ಸಲ ಬೆಣ್ಣೆ ಹಚ್ಚಿದೆ. ತಿದ್ದಿದ ಕೋಡ್ ಕಳಿಸಿದ್ದೆ, ಹೊಸ ಆವೃತ್ತಿ ಮಧ್ಯಾಹ್ನಕ್ಕೆ ಮುಚ್ಚುವುದಿತ್ತು. ಎದುರಿಗೆ ಹೆನ್ರಿಕ್ ಸಾಲು ಸಾಲಾಗಿ ಓದುತ್ತಿದ್ದರು. ಅವರ ಹುಬ್ಬು ಮೇಲೆ ಹೋದರೆ ನನ್ನ ಜೀವ ಕೆಳಗೆ. ಗೋಡೆಯ ದೀಪ ಹಳದಿಯಾಗಿ ಮಿನುಗುತ್ತಿತ್ತು, ಪರೀಕ್ಷೆ ನಡೆಯುತ್ತಿತ್ತು.

ಹಸಿರಾಯಿತು.

ಅವರ ಬೆರಳು ಆಡಿದ್ದು ನೋಡಿದೆ. ನನ್ನ ಪರದೆಯಲ್ಲಿ ಮೂಡಿತು: "ಸೇರಿಸಿದ್ದೇನೆ. ಮಂದಾಕಿನಿಯವರಿಗೆ ನಮಸ್ಕಾರ ತಿಳಿಸಿ."

ನಾನು ಕೂಗಿದ ಕೂಗಿಗೆ ಒಬ್ಬರ ಕೈಯಿಂದ ಚಮಚ ಬಿತ್ತು. ಮೆಟೆಯನ್ನು ಅಪ್ಪಿಕೊಂಡೆ, ಅವಳ ಪಕ್ಕದವನನ್ನೂ ಅಪ್ಪಿಕೊಂಡೆ, ಅವನ ಹೆಸರು ಇವತ್ತಿಗೂ ಗೊತ್ತಿಲ್ಲ. ಭೋಸರಿಯಿಂದ ಕುಲಕರ್ಣಿಯವರು ಎಲ್ಲರೂ ಓದುವ ಆ ಜಾಗದಲ್ಲೇ, ಜೀವನದಲ್ಲಿ ಮೊದಲ ಬಾರಿಗೆ, ಬರೆದರು: "ಫೋನ್ ಮಾಡಿದ್ದು ನಾನೇ. ಬಿರ್ಗಿಟ್ ಅವರೇ, ಮತ್ತೆ ಮಿಸಳಕ್ಕೆ ಬನ್ನಿ. ಈ ಸಲ ಎಲ್ಲರೂ ಬನ್ನಿ."

ಹೆನ್ರಿಕ್ ಎದ್ದು ಕೋಟು ಹಾಕಿಕೊಂಡರು. "ಈಗ ಮಾತಾಡಬಹುದು" ಅಂದರು. ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ಆಮೇಲೆ, ದೇವರಾಣೆ, ಆ ಮನುಷ್ಯ ಬಾಯಿ ಮುಚ್ಚಲಿಲ್ಲ! ಇಬ್ಬರು ಮಕ್ಕಳ ಕಥೆ, ಹೆಂಡತಿಯ ಹಾಡಿನ ಕ್ಲಾಸು, ಹಸು ಸಾಕಿದ್ದ ಅಜ್ಜಿ, ಅಜ್ಜಿಯ ಮೊಣಕಾಲು ಸಹ. ಗಾಳಿಗೆ ಅರ್ಧ ಮಾತು ಹಾರಿಹೋಯಿತು, ಉಳಿದರ್ಧವೇ ನನಗೆ ಹೆಚ್ಚಾಯಿತು. ನಮ್ಮಪ್ಪನ ವಿದ್ಯೆ ಸುಳ್ಳಲ್ಲ, ಇಲ್ಲಿ ಕೆಲಸ ಮೊದಲು, ಚಹಾ ಆಮೇಲೆ, ಅಷ್ಟೇ.

ಮತ್ತೆ ಭೋಸರಿ

ಹೊಸ ಆವೃತ್ತಿ ಬಾರಾಮತಿಯ ಟಾಕಿಗೂ ಇಳಿಯಿತು. ಬೇಸಿಗೆ ಬಂತು. ಭೋಸರಿಯಲ್ಲಿ ಫ್ಯಾನ್ ನಿಂತಾಗಲೆಲ್ಲ ನನ್ನ ಕೈ ಫೋನಿಗೆ ಹೋಗುತ್ತಿತ್ತು. ಫೋನ್ ಬರಲಿಲ್ಲ. ಮರುದಿನವೂ ಇಲ್ಲ, ಮುಂದಿನ ವಾರವೂ ಇಲ್ಲ. ಖುಷಿಪಡುವುದು ಬಿಟ್ಟು ನನಗೆ ಹೆದರಿಕೆ ಹತ್ತಿತು. ಟಾಕಿಯೇ ಬಂದ್ ಆಗಿದೆಯೋ, ಆಕೆಗೆ ಹುಷಾರಿಲ್ಲವೋ, ಅಥವಾ ಅಲ್ಲೂ ಯಾರಾದರೂ ಕಲ್ಲು ಕಟ್ಟಿದರೋ? ತಾಳಲಾರದೆ ಒಂದು ದಿನ ಮಟಮಟ ಮಧ್ಯಾಹ್ನ ನಾನೇ ಫೋನ್ ಮಾಡಿದೆ. ಎಷ್ಟೋ ಹೊತ್ತು ರಿಂಗಾದ ಮೇಲೆ ಎತ್ತಿದರು.

"ಮಂದಾಕಿನಿಬಾಯಿ, ಕರೆಂಟ್ ಹೋಗ್ತಾ ಇಲ್ವಾ?" ಅಂತ ಮರಾಠಿಯಲ್ಲಿ ಕೇಳಿದೆ.

"ಹೋಗದೆ ಏನು? ಬೆಳಿಗ್ಗೆಯಿಂದ ಹೋಗಿ ಬಂದು ಮಾಡ್ತಿದೆ."

"ಮತ್ತೆ ಟಾಕಿ? ನೀವು ಎಲ್ಲಿದ್ದೀರಿ ಈಗ?"

"ಮನೆಯಲ್ಲಿ. ಇನ್ನೆಲ್ಲಿ?" ಹಿಂದೆ ತಟ್ಟೆಯ ಸದ್ದು, ಯಾರೋ ಸಾರು ಬಡಿಸುವ ಸದ್ದು. "ಮ್ಯಾಡಮ್, ಮೀ ಜೇವತೇಯ. ನಂತರ ಫೋನ್ ಕರಾ."

ಊಟಕ್ಕೆ ಕೂತಿದ್ದೇನೆ, ಆಮೇಲೆ ಫೋನ್ ಮಾಡಿ. ಅಷ್ಟು ಹೇಳಿ ಇಟ್ಟೇಬಿಟ್ಟರು.

ನಾನು ಕಂಪ್ಯೂಟರಿನ ಮುಂದೆ ಕೂತು, ಹೆನ್ರಿಕ್, ವಾಂಜಿಕು, ಮೆಟೆ, ಬಿರ್ಗಿಟ್ ಎಲ್ಲರೂ ಓದುವ ಜಾಗದಲ್ಲಿ, ಆ ಮಾತನ್ನು ಹಾಗೆಯೇ ಬರೆದು ಹಾಕಿದೆ.